ಹೈಟಿಯ ಸಾಲ: ತಗೊಂಡಿದ್ದಾ, ಹೇರಿದ್ದಾ?

ಪ್ರಶ್ನೆ: ಹೈಟಿ ಬಡ ದೇಶವಾಗಿ ಉಳಿಯಲು ವಿದೇಶಿ ಬ್ಯಾಂಕುಗಳು ಕಾರಣ ಅಂತ ಓದಿದೆ. ಆದರೆ ಸಾಲ ತಗೊಂಡಿದ್ದು ಅವರೇ ಅಲ್ವಾ? ತಗೊಂಡ ಮೇಲೆ ತೀರಿಸಬೇಕು. ಅಲ್ಲಿನ ನಾಯಕರ ಭ್ರಷ್ಟಾಚಾರ ಬಿಟ್ಟು ಬ್ಯಾಂಕಿನವರನ್ನು ದೂರುವುದು ಸರಿಯಾ?
– ಸಕಲೇಶಪುರದ ಓದುಗರೊಬ್ಬರು

ಉತ್ತರ: ತಗೊಂಡ ಸಾಲ ತೀರಿಸಬೇಕು, ಒಪ್ಪುತ್ತೇನೆ. ಆದರೆ ಹೈಟಿಯ ಮೊದಲ ಸಾಲ ಬಂದ ದಾರಿ ನೋಡಿ.

ಕೆರಿಬಿಯನ್ ಸಮುದ್ರದ ಹೈಟಿ ಮುಂಚೆ ಫ್ರಾನ್ಸಿನ ವಸಾಹತು. ಅಲ್ಲಿ ಕಬ್ಬು, ಕಾಫಿ ಬೆಳೆಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಅವರೇ ದಂಗೆ ಎದ್ದು, ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸಿನ ರಾಜ ಹತ್ತನೇ ಚಾರ್ಲ್ಸ್ 14 ಯುದ್ಧನೌಕೆ ಕಳಿಸಿದ. ನಿಮ್ಮ ಸ್ವಾತಂತ್ರ್ಯ ಒಪ್ಪಬೇಕಾದರೆ 15 ಕೋಟಿ ಫ್ರಾಂಕ್ ಕೊಡಿ, ಐದು ಕಂತಿನಲ್ಲಿ. ಯಾಕೆ ಅಂದರೆ, ತೋಟ ಮತ್ತು ಗುಲಾಮರನ್ನು ಕಳೆದುಕೊಂಡ ಮಾಲೀಕರಿಗೆ ಪರಿಹಾರ! ಗುಲಾಮರಾಗಿದ್ದವರು ತಮ್ಮದೇ ದೇಹದ ಬೆಲೆಯನ್ನು ಹಳೇ ಯಜಮಾನರಿಗೆ ಕಟ್ಟಬೇಕು. ಇದನ್ನು ಎಷ್ಟು ಸಲ ಓದಿದರೂ ನನಗೆ ಸಿಟ್ಟು ಇಳಿಯುವುದಿಲ್ಲ. ಬಂದರಿನಾಚೆ ಫಿರಂಗಿಗಳು ನಿಂತಿರುವಾಗ ಹೈಟಿಯ ಅಧ್ಯಕ್ಷ ಬ್ವಾಯೆ ಒಪ್ಪಿಕೊಂಡರು.

ಬ್ಯಾಂಕು ಬರುವುದು ಈಗ. ಮೊದಲ ಕಂತು 3 ಕೋಟಿ ಫ್ರಾಂಕ್. ಖಜಾನೆಯಲ್ಲಿ ಅಷ್ಟು ದುಡ್ಡಿರಲಿಲ್ಲ. ಪ್ಯಾರಿಸ್ಸಿನ ಬ್ಯಾಂಕಿನವರು ಸಾಲ ಕೊಟ್ಟರು. ಪತ್ರದಲ್ಲಿ 3 ಕೋಟಿ, ಕೈಗೆ ಬಂದಿದ್ದು 2.4 ಕೋಟಿ. ನಮ್ಮಲ್ಲಿ ಮೀಟರ್ ಬಡ್ಡಿಯವರು ಮುಂಚೆಯೇ ಮುರಿದುಕೊಂಡು ಉಳಿದದ್ದನ್ನು ಕೈಗಿಡುತ್ತಾರಲ್ಲ, ಹಾಗೆ. ಬಡ್ಡಿ ಮಾತ್ರ ಪೂರ್ತಿ 3 ಕೋಟಿಗೆ. ಫ್ರಾನ್ಸಿಗೆ ಕಟ್ಟುವ ದಂಡ ಒಂದು, ಆ ದಂಡ ಕಟ್ಟಲು ಮಾಡಿದ ಸಾಲ ಇನ್ನೊಂದು. 1838ರಲ್ಲಿ ದಂಡದ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ಆದರೂ ಭಾರ ಭಾರವೇ.

ತೀರಿಸಿದ್ದು ಕಾಫಿಯಿಂದ. ಗುಡ್ಡದ ಮೇಲೆ ತುಂಡು ಜಮೀನಿನಲ್ಲಿ ಬೆಳೆದ ಕಾಫಿ ಬಂದರಿಗೆ ಬರುತ್ತಿತ್ತು, ಅಲ್ಲಿ ಸರ್ಕಾರ ರಫ್ತು ಸುಂಕ ಹಾಕುತ್ತಿತ್ತು, ವ್ಯಾಪಾರಿ ಆ ಸುಂಕವನ್ನು ತನ್ನ ಜೇಬಿನಿಂದ ಕಟ್ಟದೆ ಬೆಳೆದವನಿಗೆ ಕೊಡುವ ರೇಟಿನಲ್ಲೇ ಕಡಿಮೆ ಮಾಡಿಬಿಡುತ್ತಿದ್ದ. ಕಾಫಿ ಸೀಮೆಯವರಾದ ನಿಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ರಸ್ತೆಗೆ, ಶಾಲೆಗೆ, ಆಸ್ಪತ್ರೆಗೆ ಹೋಗಬೇಕಿದ್ದ ದುಡ್ಡು ಹಡಗು ಹತ್ತಿತು. ಸಾಲ ಮಾಡಿ ರೈಲು ಹಾಕಿದ್ದರೆ ರೈಲಾದರೂ ಉಳಿಯುತ್ತಿತ್ತು. ಇದರಿಂದ ಒಂದು ಸೇತುವೆಯೂ ಬರಲಿಲ್ಲ.

1880ರಲ್ಲಿ ಹೈಟಿಗೆ ರಾಷ್ಟ್ರೀಯ ಬ್ಯಾಂಕ್ ಬಂತು. ಹೆಸರಷ್ಟೇ ರಾಷ್ಟ್ರೀಯ. ಕಟ್ಟಿದ್ದು ಪ್ಯಾರಿಸ್ಸಿನ ಕ್ರೆಡಿ ಇಂಡಸ್ಟ್ರಿಯೆಲ್ ಎ ಕಮರ್ಸಿಯಲ್ ಎಂಬ ಬ್ಯಾಂಕು, ತೀರ್ಮಾನ ಆಗುತ್ತಿದ್ದುದೂ ಪ್ಯಾರಿಸ್ಸಿನಲ್ಲೇ. ದೇಶದ ಖಜಾನೆ ಅದರ ಕೈಯಲ್ಲಿ. ಸರ್ಕಾರ ತನ್ನದೇ ದುಡ್ಡು ಇಟ್ಟರೂ ಕಮಿಷನ್, ತೆಗೆದರೂ ಕಮಿಷನ್. ಐಫೆಲ್ ಗೋಪುರಕ್ಕೆ ಹಣ ಒದಗಿಸಿದವರಲ್ಲಿ ಇದೇ ಬ್ಯಾಂಕೂ ಒಂದು.

1910ರಲ್ಲಿ ಅದರ ಜಾಗಕ್ಕೆ ಹೊಸ ರಾಷ್ಟ್ರೀಯ ಬ್ಯಾಂಕ್ ಬಂತು. ಅದರಲ್ಲಿ ನ್ಯೂಯಾರ್ಕಿನ ನ್ಯಾಷನಲ್ ಸಿಟಿ ಬ್ಯಾಂಕ್ ಕೂಡ ಪಾಲು ಹಿಡಿಯಿತು, ಇವತ್ತಿನ ಸಿಟಿ ಬ್ಯಾಂಕಿನ ಹಿಂದಿನ ರೂಪ. 1914ರ ಡಿಸೆಂಬರ್ 17ರಂದು ಅಮೆರಿಕದ ಸೈನಿಕರು ಹೈಟಿಯ ರಾಜಧಾನಿಯಲ್ಲಿದ್ದ ಆ ರಾಷ್ಟ್ರೀಯ ಬ್ಯಾಂಕಿಗೆ ನಡೆದು ಹೋದರು. 5 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ಪೆಟ್ಟಿಗೆಗಳಲ್ಲಿ ಹೊತ್ತು ಮಾಕಿಯಾಸ್ ಎಂಬ ಯುದ್ಧನೌಕೆಗೆ ಹಾಕಿ ನ್ಯೂಯಾರ್ಕಿಗೆ ಸಾಗಿಸಿದರು. ಮರುವರ್ಷ ಸೈನ್ಯವೇ ಬಂದು ಕೂತು 1934ರವರೆಗೆ ಕದಲಲಿಲ್ಲ. ಸುಂಕದ ಕಟ್ಟೆ ಅವರ ಕೈಗೆ ಹೋಯಿತು. 1825ರ ಸಾಲದ ಬಾಲ ಕಡಿದದ್ದು 1947ರಲ್ಲಿ.

ಭ್ರಷ್ಟಾಚಾರ ಇರಲಿಲ್ಲವಾ? ಇತ್ತು. 1957ರಿಂದ 1986ರವರೆಗೆ ಅಧ್ಯಕ್ಷರಾಗಿದ್ದ ಡುವಾಲಿಯೆ ಅಪ್ಪ-ಮಗ ದೇಶವನ್ನು ಲೂಟಿ ಹೊಡೆದರು. ಅದನ್ನು ಮುಚ್ಚಿಡುವುದು ತಪ್ಪು. ಆದರೆ ಅವರು ಹೇಗಿದ್ದಾರೆಂದು ಗೊತ್ತಿದ್ದೂ ಹೊರಗಿನವರು ಸಾಲ ಕೊಡುತ್ತಲೇ ಹೋದರು. ಕೊನೆಗೆ ಮಗ ಓಡಿಹೋದ ಮೇಲೆ ಆ ಸಾಲವೂ ಜನರ ತಲೆ ಮೇಲೆ ಬಿತ್ತು. ಕದ್ದವನನ್ನು ಬೈಯೋಣ, ಗೊತ್ತಿದ್ದೂ ಕೊಟ್ಟವನನ್ನು ಸುಮ್ನೆ ಬಿಡುವುದು ಯಾಕೆ?

ಪ್ರಶ್ನೆ: ಇವೆಲ್ಲ ಹಳೇ ಕಾಲದ್ದು. ಈಗ ಹಾಗೆಲ್ಲ ನಡೆಯುತ್ತಾ?
– ಮೈಸೂರಿನಿಂದ ಒಬ್ಬ ವಿದ್ಯಾರ್ಥಿನಿ

ಉತ್ತರ: ಈಗ ಯುದ್ಧನೌಕೆ ಬೇಕಿಲ್ಲ, ಕೋರ್ಟ್ ಸಾಕು. ಜಾಂಬಿಯಾ 1979ರಲ್ಲಿ ರೊಮೇನಿಯಾದಿಂದ ಟ್ರ್ಯಾಕ್ಟರು, ಕೃಷಿ ಯಂತ್ರಗಳನ್ನು ಸಾಲದ ಮೇಲೆ ತರಿಸಿತ್ತು. ಕಟ್ಟಲಾಗಲಿಲ್ಲ. 1999ರಲ್ಲಿ ಡೊನೆಗಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ ಆ ಸಾಲಪತ್ರವನ್ನು ಸುಮಾರು 33 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಆಮೇಲೆ ಲಂಡನ್ನಿನ ಕೋರ್ಟಿನಲ್ಲಿ 5.5 ಕೋಟಿ ಡಾಲರಿಗೂ ಜಾಸ್ತಿ ಕೇಳಿತು! 2007ರಲ್ಲಿ ಕೋರ್ಟ್ ಸುಮಾರು 1.55 ಕೋಟಿ ಡಾಲರ್ ಕೊಡಿಸಿತು. ಅಂದರೆ ಹಾಕಿದ್ದರ ನಾಲ್ಕು ಪಟ್ಟಿಗೂ ಮಿಗಿಲು. ಸಾಲ ಕೊಟ್ಟ ಬೇರೆಯವರು ಜಾಂಬಿಯಾದ ಸಾಲ ಮನ್ನಾ ಮಾಡುತ್ತಿದ್ದ ಕಾಲ ಅದು. ಹಾಗೆ ಉಳಿದ ದುಡ್ಡು ಶಾಲೆ, ಆಸ್ಪತ್ರೆಗೆ ಹೋಗಬೇಕಿತ್ತು.

ಇಂಥ ಕಂಪನಿಗಳಿಗೆ 'ರಣಹದ್ದು ಫಂಡ್' ಅನ್ನುತ್ತಾರೆ. 2010ರಲ್ಲಿ ಬ್ರಿಟನ್ ಇವುಗಳ ವಸೂಲಿಗೆ ಕಡಿವಾಣ ಹಾಕುವ ಕಾನೂನು ತಂದಿತು, ಅದೂ ಬಡ ದೇಶಗಳ ಹಳೇ ಸಾಲಗಳಿಗೆ ಮಾತ್ರ. ಬಡ ದೇಶಗಳ ಬಹಳಷ್ಟು ಸಾಲಪತ್ರಗಳು ನ್ಯೂಯಾರ್ಕ್ ಕಾನೂನಿಗೆ ಒಳಪಟ್ಟಿವೆ. ಅಲ್ಲಿ ಇಂಥದ್ದೇ ಮಸೂದೆ ಮಂಡಿಸಿದ್ದರು, 2024ರ ಅಧಿವೇಶನದಲ್ಲೂ ಪಾಸಾಗಲಿಲ್ಲ.