ದೋಸ್ತ್ ದೇಶ ಅಂದ್ರ ಕರದ ಕೂಡ್ಲೇ ಬಂದೂಕ ಹಿಡ್ಕೊಂಡು ಬರ್ತಾರಂತ ಯಾರು ಹೇಳಿದ್ರು?

ಪ್ರಶ್ನಿ: ಸರ್, ನೇಟೋದಾಗ (ಅಮೆರಿಕಾ, ಯುರೋಪ್ ಕಡಿ ದೇಶಗಳ ಸೈನಿಕ ಕೂಟ) ಒಂದು ದೇಶಕ್ಕ ಹೊಡದ್ರ ಉಳಿದ ಎಲ್ಲಾ ದೇಶ ಯುದ್ಧಕ್ಕ ಇಳೀಲೇಬೇಕಂತ, ಖರೇ ಏನ್ರಿ? (ಸೇಡಂದಿಂದ)

ಇದೇ ಪ್ರಶ್ನಿ ಈ ತಿಂಗಳದಾಗ ನಾಕನೇ ಸಲ. ಕಾಲೇಜಿನಾಗ ಇದನ್ನೇ ಪಾಠ ಮಾಡಿ ರಿಟೈರ್ ಆದೆ, ಇನ್ನೂ ಬೆನ್ನ ಬಿಟ್ಟಿಲ್ಲ. ಖರೇ ಅಲ್ರಿ. 1949ರ ಒಪ್ಪಂದದ ಐದನೇ ಕಲಮಿನಾಗ ಒಬ್ಬರ ಮ್ಯಾಲ ದಾಳಿ ಆದ್ರ ಎಲ್ಲಾರ ಮ್ಯಾಲ ಆದಂಗ ಅಂತ ಅದ, ಟಿವಿಯವರು ಅಷ್ಟೇ ಓದಿ ಚೀರಾಡ್ತಾರ, ಮುಂದಿನ ಸಾಲಿನಾಗ ಪ್ರತಿ ದೇಶ ತನಗ ಅಗತ್ಯ ಅನಿಸಿದ ಕ್ರಮ ತಗೋತದ ಅಂತ ಅದ, ಸೈನ್ಯ ಕಳಸೂದು ಅದರಾಗ ಒಂದು ದಾರಿ ಅಷ್ಟೇ. ಅಮೆರಿಕಾದವರೇ ಇದನ್ನ ಸಡ್ಲ ಇಡಿಸಿದ್ರು, ಯಾಕಂದ್ರ ಅಲ್ಲಿ ಯುದ್ಧ ಸಾರೋ ಅಧಿಕಾರ ಕಾಂಗ್ರೆಸ್ಸಿನದು (ನಮ್ಮ ಕಾಂಗ್ರೆಸ್ ಅಲ್ಲ ಮತ್ತ).

ನಮ್ಮ ಕಡಿ ತೊಗರಿ ರಾಶಿಗೆ ಮುಯ್ಯಾಳು ಬರ್ತಾರಲ್ಲ, ಹಂಗ. ಒಬ್ಬಂವ ಮೈಮುರದು ದುಡೀತಾನ, ಒಬ್ಬಂವ ಎತ್ತು ಕಳಸ್ತಾನ, ಒಬ್ಬಂವ ಬಂದು ಚಹಾ ಕುಡದು ಹೋಗ್ತಾನ. ಆ ಕಲಮು ಇಲ್ಲಿ ತನಕ ಜಾರಿಯಾಗಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ 12ಕ್ಕ, ನ್ಯೂಯಾರ್ಕಿನ ಅವಳಿ ಗೋಪುರದ ದಾಳಿ ಆದ ಮರುದಿನ, ಅದೂ ಅಮೆರಿಕಾ ಸಲುವಾಗಿ. ಆಗ ಹೋಗಿದ್ದೇನು ಗೊತ್ತದ? 7 ಅವಾಕ್ಸ್, ಅಂದ್ರ ಆಕಾಶದಾಗಿಂದ ಕಾವಲು ಕಾಯೋ ರಾಡಾರ್ ವಿಮಾನ. ಬೆನ್ನ ಮ್ಯಾಲ 30 ಅಡಿ ಅಗಲದ ರಾಡಾರ್ ಗುಮ್ಮಟ, ರೊಟ್ಟಿ ಹಂಚು ಬೋರಲು ಹಾಕಿದಂಗ, ಸುಮ್ನ ತಿರಗ್ಕೋತ ಇರ್ತದ. 13 ದೇಶದ 830 ಮಂದಿ ಪಾಳಿ ಹಚ್ಚಿ ಅಮೆರಿಕಾದ ಆಕಾಶ ಕಾಯ್ದ್ರು, 2002ರ ಮೇ ತನಕ. ಅಮೆರಿಕಾದ ಸ್ವಂತ ಅವಾಕ್ಸ್ ಅಫ್ಘಾನಿಸ್ತಾನದ ಕೆಲಸಕ್ಕ ಬೇಕಿದ್ವು, ಮನಿ ಕಾಯೋರು ಬೇಕಾಗಿತ್ತು, ಇವರು ಕಾಯ್ದ್ರು.

ಮತ್ತ ಆ ಕಲಮಿಗೆ ಊರ ಗಡಿ ಇದ್ದಂಗ ಒಂದು ಗಡಿನೂ ಅದ. 1982ರಾಗ ಫಾಕ್‌ಲ್ಯಾಂಡ್ ದ್ವೀಪ ಅರ್ಜೆಂಟೀನಾ ಹಿಡಕೊಂಡಾಗ ಬ್ರಿಟನ್‌ಗೆ ಈ ಕಲಮು ಉಪಯೋಗಕ್ಕ ಬರಲಿಲ್ಲ, ಆರನೇ ಕಲಮು ಕರ್ಕಾಟಕ ವೃತ್ತದ ಉತ್ತರಕ್ಕ ಇರೋ ದ್ವೀಪ ಅಷ್ಟೇ ಲೆಕ್ಕಕ್ಕ ಹಿಡೀತದ.

ಪ್ರಶ್ನಿ: ನಮಗ ರಷ್ಯಾದ ಜೋಡಿ ಅಂಥಾ ಒಪ್ಪಂದ ಇತ್ತಲ್ರಿ? (ಶಹಾಪುರ)

1971ರದು. ದಾಳಿ ಆದ್ರ ಲಗೂನ ಕೂತು ಮಾತಾಡಿ ಮುಂದಿಂದು ನೋಡೂಣು ಅಂತ ಇತ್ತು. ಅಷ್ಟೇ.

ಪ್ರಶ್ನಿ: ಟರ್ಕಿ ಭೂಕಂಪ ಅಮೆರಿಕಾದ ಹಾರ್ಪ್ ಮಷೀನಿಂದ ಆತು, ನಮ್ಮ ಚಿಂಚೋಳಿ ಕಡಿಗೂ ಅದೇ ಅಂತ ಒಬ್ಬ ಯೂಟ್ಯೂಬ್ ಗುರೂಜಿ ತಾರೀಖ್ ಸಮೇತ ಹೇಳ್ಯಾರ.

ಆ ಗುರೂಜಿಗೆ ಕೈ ಮುಗದು ಅನ್‌ಸಬ್‌ಸ್ಕ್ರೈಬ್ ಮಾಡ್ರಿ. ಹಾರ್ಪ್ ಅಲಾಸ್ಕಾದಾಗ ಆಕಾಶದ ಮ್ಯಾಲಿನ ಪದರು ಓದೋ ರೇಡಿಯೋ ಆಂಟೆನಾ, ನೆಲ ಅಳ್ಳಾಡಿಸಂಗಿಲ್ಲ. ತಾರೀಖ್ ಹೇಳೋ ವಿದ್ಯಾ ಭೂಮಿ ಮ್ಯಾಲ ಯಾರಿಗೂ ಬಂದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಾಗ, ಗಣಪತಿ ಕಳಿಸಿ ಮಲಗಿದ್ವಿ, ಬಸವಕಲ್ಯಾಣದಾಗ ಅಕ್ಕನ ಮನಿ ಹಲಗಿ ಮ್ಯಾಲಿನ ತಾಟು ತಂಬಿಗಿ ಒಂದೊಂದಾಗಿ ಕೆಳಗ ಬಿದ್ವು, ಮರುದಿನ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದ ಸುದ್ದಿ ಬಂತು. ಅಲ್ಲಿ ಮಂದಿ ಸತ್ತಿದ್ದು ಕಲ್ಲು-ಮಣ್ಣಿನ ದಪ್ಪ ಗೋಡಿ, ಮಾಳಗಿ ಮ್ಯಾಲಿನ ಮಣ್ಣಿನ ಭಾರಕ್ಕ. ನಾವೂ ವರ್ಷಾ ಮಳಿಗಾಲದ ಮೊದಲ ಹಳೀದು ತೆಗೀಲಾರದ ಮ್ಯಾಲ ಹೊಸಾ ಮಣ್ಣು ಬಡೀತೀವಲ್ಲ, ಅದನ್ನ ಮೊದಲ ಇಳಸ್ರಿ.

ಪ್ರಶ್ನಿ: ಟರ್ಕಿ ಪಾಕಿಸ್ತಾನದ ಪರ, 2023ರಾಗ ನಾವ್ಯಾಕ ಮದತ್‌ಗೆ ಹೋದ್ವಿ?

ಭೂಕಂಪ ಆಗಿ ಮರುದಿನಾನೇ ನಮ್ಮ ಎನ್‌ಡಿಆರ್‌ಎಫ್‌ದವರು (ರಾಷ್ಟ್ರೀಯ ವಿಪತ್ತು ಪಡೆ) ನಾಯಿ ಸಮೇತ ಅಲ್ಲಿದ್ರು, ಯಾವ ಯುದ್ಧದ ಒಪ್ಪಂದನೂ ಇರಲಿಲ್ಲ. ಜೂಲಿ ಅನ್ನೋ ನಾಯಿ ಕುಸುದ ಮನಿ ಕೆಳಗ 6 ವರ್ಷದ ಹುಡುಗಿ ಇರೋದು ಹುಡುಕಿತು. ಈ ಪ್ರಶ್ನಿ ಅದಕ್ಕ ಕೇಳ್ರಿ, ನನಗ ಬ್ಯಾಡ.