ಎಕ್ಸ್‌ಪೋ ಅಂಗಿಯಲ್ಲೇ ಹಾವಿನ ಕೋಣೆಗೆ ಹೋಗಬೇಡಿ

ನೀರಿನ ಬಟ್ಟಲಿನ ತಳದಲ್ಲಿ ಕರಿ ಚುಕ್ಕಿ ಕಾಣಿಸುತ್ತಿದೆ, ಮಣ್ಣಿರಬಹುದಾ ಅಂತ ಕೇಳಿದ್ದೀರಿ. ಎಕ್ಸ್‌ಪೋದಲ್ಲಿ, ಅಂದರೆ ಸರೀಸೃಪ ಮಾರಾಟದ ಮೇಳದಲ್ಲಿ, ಕೊಂಡ ಹೊಸ ಬಾಲ್ ಪೈಥಾನ್ ಹಾವು ಹಗಲೆಲ್ಲ ಬಟ್ಟಲಲ್ಲೇ ಮುಳುಗಿ ಕೂತಿರುತ್ತದೆ ಅಂತಲೂ ಬರೆದಿದ್ದೀರಿ. ಹಾಗಿದ್ದರೆ ಮೈಟ್, ಅಂದರೆ ಹಾವಿನ ರಕ್ತ ಕುಡಿಯುವ ಪುಟ್ಟ ಹುಳು, ಅಂತಲೇ ಇಟ್ಟುಕೊಂಡು ಇವತ್ತೇ ಕೆಲಸ ಶುರು ಮಾಡಿ. ಅನುಮಾನ ಇದ್ದರೆ ಬಿಳಿ ಟಿಶ್ಯೂ ಒದ್ದೆ ಮಾಡಿ ಕುತ್ತಿಗೆಯಿಂದ ಬಾಲದವರೆಗೆ ಒಮ್ಮೆ ಮೆಲ್ಲಗೆ ಒರೆಸಿ. ಟಿಶ್ಯೂ ಮೇಲಿನ ಚುಕ್ಕಿ ಹರಿದಾಡಿದರೆ, ಒತ್ತಿದಾಗ ಕೆಂಪು ಬಿಟ್ಟರೆ, ಅದು ನಿಮ್ಮ ಹಾವಿನದೇ ರಕ್ತ. ಗದ್ದದ ಕೆಳಗಿನ ಮಡಿಕೆ, ಕಣ್ಣಿನ ಸುತ್ತ, ತುಟಿಯ ಮೇಲಿನ ಗುಳಿಗಳು, ಇಷ್ಟನ್ನು ಟಾರ್ಚ್ ಹಿಡಿದು ನೋಡಿ.

ನನಗೆ ಸಿಟ್ಟು ಬಂದಿದ್ದು ಮೈಟ್ ನೋಡಿ ಅಲ್ಲ. ಎಕ್ಸ್‌ಪೋದಲ್ಲಿ ಸಿಕ್ಕ ಹಾವನ್ನೆಲ್ಲ ಎತ್ತಿದೆ, ಮನೆಗೆ ಬಂದ ಕೂಡಲೇ ಹಳೆಯ ಎರಡನ್ನು ನೋಡಲು ಹೋದೆ, ಹೊಸದನ್ನು ಪಕ್ಕದ ಟಬ್‌ನಲ್ಲೇ (ಹಾವು ಸಾಕುವ ಪ್ಲಾಸ್ಟಿಕ್ ಡಬ್ಬಿ) ಇಟ್ಟೆ, ಆದರೆ ಪ್ರತಿ ಮೇಜಿನ ಹತ್ತಿರ ಸ್ಯಾನಿಟೈಸರ್ ಹಾಕಿಕೊಂಡಿದ್ದೆ ಅಂತ ಹೆಮ್ಮೆಯಿಂದ ಬರೆದಿದ್ದೀರಲ್ಲ, ಅದನ್ನು ಓದಿ. ಅಲ್ಲ ಸ್ವಾಮಿ, ಸ್ಯಾನಿಟೈಸರ್ ಹಾಕಿದ್ದು ಅಂಗೈಗೆ. ಅಂಗಿಯ ತೋಳಿಗೆ ಏನು ಹಾಕಿದಿರಿ?

ಇದನ್ನು ಕೇಳುವ ಹಕ್ಕು ನನಗಿದೆ, ಯಾಕಂದರೆ ಇದೇ ತಪ್ಪನ್ನು ನಾನು ನಿಮಗಿಂತ ಚೆನ್ನಾಗಿ ಮಾಡಿದ್ದೇನೆ. ಆ ಸಲ ನಾನು ಒಂದು ಪ್ರಾಣಿಯನ್ನೂ ಕೊಂಡಿರಲಿಲ್ಲ. ಸುಮ್ನೆ ನೋಡಲು ಹೋಗಿದ್ದೆ. ಒಂದು ಮೇಜಿನಲ್ಲಿ ದೊಡ್ಡ ಕಾರ್ಪೆಟ್ ಪೈಥಾನ್ ಕೈಗೆ ಕೊಟ್ಟರು. ಅದು ಸೀದಾ ಅಂಗಿಯ ತೋಳಿನ ಒಳಗೆ ತಲೆ ತೂರಿಸಿತು, ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದಾಗ ರಾತ್ರಿ. ಒಂದು ಹಾವು ಪೊರೆ ಬಿಡುವ ಹೊತ್ತಾಗಿತ್ತು, ಬಿಟ್ಟಿದೆಯಾ ನೋಡೋಣ ಅಂತ ಅದೇ ಅಂಗಿಯಲ್ಲಿ ಕೋಣೆಗೆ ಹೋದೆ. ಎರಡು ನಿಮಿಷ ಅಷ್ಟೇ.

ಮೂರು ವಾರದ ಮೇಲೆ ಹಳೆಯ ಕಾರ್ನ್ ಸ್ನೇಕ್ ನೀರಲ್ಲಿ ಕೂರಲು ಶುರು ಮಾಡಿತು. ಸೆಕೆ ಅಂದುಕೊಂಡೆ. ಇನ್ನೊಂದು ವಾರಕ್ಕೆ ಹದಿನಾಲ್ಕು ಟಬ್‌ಗಳಲ್ಲಿ ಒಂಬತ್ತರಲ್ಲಿ ಮೈಟ್. ನಾಲ್ಕು ತಿಂಗಳು ಹೋರಾಡಿದೆ. ಅದರಲ್ಲಿ ಮೊದಲ ತಿಂಗಳು ಪೂರ್ತಿ ವೇಸ್ಟ್, ಯಾಕಂದರೆ ನಾನು ಹಾವಿಗೆ ಮಾತ್ರ ಚಿಕಿತ್ಸೆ ಮಾಡುತ್ತಿದ್ದೆ. ಈ ಮೈಟ್ ರಕ್ತ ಕುಡಿಯುವುದು ಹಾವಿನ ಮೇಲೆ, ಮೊಟ್ಟೆ ಇಡುವುದು ಟಬ್ಬಿನ ಸಂದಿಯಲ್ಲಿ, ಹಾವು ಅಡಗಿ ಕೂರುವ ಗೂಡಿನ (ಹೈಡ್) ಒಳಗೆ, ರ್ಯಾಕ್‌ನ ಸ್ಕ್ರೂ ತೂತಿನಲ್ಲಿ. ಬೆಚ್ಚಗಿನ ಕೋಣೆಯಲ್ಲಿ ಎರಡು ಮೂರು ವಾರಕ್ಕೆ ಒಂದು ತಲೆಮಾರು ಮುಗಿಸಿಬಿಡುತ್ತದೆ. ಹಾವನ್ನು ತೊಳೆದು ಅದೇ ಟಬ್ಬಿಗೆ ಬಿಟ್ಟರೆ ಮರಿಗಳು ಕಾದು ಕೂತಿರುತ್ತವೆ.

ಆಮೇಲೆ ಇನ್ನೊಂದು ದೊಡ್ಡ ತಪ್ಪು ಮಾಡಿದೆ. ರೋಸಿಹೋಗಿ ನಾಯಿಯ ಉಣ್ಣಿಗೆ ಹೊಡೆಯುವ ಸ್ಪ್ರೇ ತಂದು ಟಬ್ಬಿಗೆ ಹೊಡೆದೆ, ಪೂರ್ತಿ ಒಣಗುವ ಮೊದಲೇ ಒಂದು ಮರಿ ಹಾವನ್ನು ಬಿಟ್ಟೆ. ಬೆಳಿಗ್ಗೆ ಅದು ಬೆನ್ನು ಕೆಳಗಾಗಿ ಒದ್ದಾಡುತ್ತಿತ್ತು. ಉಳಿಯಲಿಲ್ಲ. ಮೈಟ್ ಕೊಂದಿದ್ದಲ್ಲ, ನಾನು ಕೊಂದಿದ್ದು.

ಹಾಗಾಗಿ ಔಷಧಿ ವಿಷಯ ಮೊದಲು ಹೇಳಿಬಿಡುತ್ತೇನೆ. ನನಗೆ ಕೊನೆಗೆ ಕೆಲಸ ಮಾಡಿದ್ದು ಪ್ರೊವೆಂಟ್-ಎ-ಮೈಟ್ ಅನ್ನುವ ಸ್ಪ್ರೇ. ಅದರಲ್ಲಿರುವುದು ಪರ್ಮೆಥ್ರಿನ್ ಎಂಬ ಕೀಟನಾಶಕ. ಖಾಲಿ ಟಬ್ಬಿಗೆ ಹೊಡೆಯಬೇಕು, ನೀರಿನ ಬಟ್ಟಲು ಹೊರಗಿರಬೇಕು, ಗಾಳಿಗೆ ಪೂರ್ತಿ ಒಣಗಬೇಕು, ಆಮೇಲೆ ಹಾವು. ಹಾವಿನ ಮೈಮೇಲೆ ಬೇಡವೇ ಬೇಡ. ಮನೆಯಲ್ಲಿ ಬೆಕ್ಕಿದ್ದರೆ ಹತ್ತಿರ ಬಿಡಬೇಡಿ, ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಟರಾಂಟುಲಾ ಜೇಡ ಸಾಕುವವರು, ಮೇವಿಗೆ ಕ್ರಿಕೆಟ್ ಹುಳುಗಳ ಡಬ್ಬಿ ಇಟ್ಟವರು ಅದೇ ಕೋಣೆಯಲ್ಲಿ ಬಳಸಬೇಡಿ, ಎಲ್ಲ ಸಾಯುತ್ತವೆ. ನಿಮ್ಮ ಪೋಸ್ಟ್ ಕೆಳಗೆ ಯಾರೋ ಐವರ್ಮೆಕ್ಟಿನ್ (ಹುಳುಗಳಿಗೆ ಕೊಡುವ ಔಷಧಿ) ಹಾಕಿ ಅಂತ ಬರೆದಿದ್ದಾರೆ. ಅಳತೆ ಗೊತ್ತಿಲ್ಲದೆ ಅದನ್ನು ಮುಟ್ಟಬೇಡಿ, ಆಮೆ ಇರುವ ಮನೆಯಲ್ಲಂತೂ ಅದರ ಬಾಟಲಿಯೇ ಬೇಡ. ಆಮೆಗಳಿಗೆ ಅದು ಪ್ರಾಣ ತೆಗೆಯುವ ಔಷಧಿ. ಸರೀಸೃಪ ನೋಡುವ ಪಶುವೈದ್ಯರು ಸಿಕ್ಕರೆ ನನ್ನ ಮಾತು ಬಿಟ್ಟು ಅವರ ಮಾತು ಕೇಳಿ.

ಈಗ ಎಕ್ಸ್‌ಪೋ ವಿಷಯ. ನನ್ನ ಪದ್ಧತಿ ಕೇಳಿ ಗೆಳೆಯರು ನಗುತ್ತಾರೆ, ನಗಲಿ. ಹೋಗುವ ದಿನ ಬೆಳಿಗ್ಗೆಯೇ ಮನೆಯ ಪ್ರಾಣಿಗಳ ನೀರು, ಊಟ, ಕ್ಲೀನಿಂಗ್ ಎಲ್ಲ ಮುಗಿಸುತ್ತೇನೆ. ವಾಪಸ್ ಬಂದ ಮೇಲೆ ಮಾರನೇ ದಿನದವರೆಗೆ ಆ ಕೋಣೆಯ ಬಾಗಿಲು ತೆಗೆಯುವುದಿಲ್ಲ. ಇಲಿ ಮುಟ್ಟಿದ್ದರೆ ಸೋಪು ಹಾಕಿ ಎರಡು ಸಲ ಕೈ ತೊಳೆದೇ ಹೊರಡುತ್ತೇನೆ. ಇಲಿ ವಾಸನೆಯ ಕೈಯನ್ನು ಹಸಿದ ಹಾವಿನ ಮುಂದೆ ಚಾಚಿದರೆ ಅದು ಊಟ ಅಂದುಕೊಳ್ಳುವುದರಲ್ಲಿ ಅದರ ತಪ್ಪೇನಿಲ್ಲ. ಅರ್ಧ ತೋಳಿನ ಅಂಗಿ, ಕಡಿಮೆ ಜೇಬು, ಉಂಗುರ ವಾಚು ಇಲ್ಲ.

ಒಳಗೆ ಹೋದ ಮೇಲೆ ಮೊದಲ ಸುತ್ತು ಎರಡೂ ಕೈ ಬೆನ್ನ ಹಿಂದೆ. ನಿಜವಾಗಿಯೂ ಕಟ್ಟಿಕೊಂಡೇ ನಡೆಯುತ್ತೇನೆ. ಕೈ ಮುಂದಿದ್ದರೆ ಮುಟ್ಟದೆ ಇರಲು ಆಗುವುದಿಲ್ಲ, ಇದು ನನ್ನ ದೌರ್ಬಲ್ಯ. ಆ ಸುತ್ತಿನಲ್ಲಿ ಪ್ರಾಣಿ ನೋಡುವುದಕ್ಕಿಂತ ಮೇಜು ನೋಡುತ್ತೇನೆ. ಡಬ್ಬಿಯೊಳಗೆ ಒಣಗಿದ ಹಿಕ್ಕೆ ಇದೆಯಾ, ಒಂದೇ ಬಟ್ಟೆಯಲ್ಲಿ ಎಲ್ಲ ಡಬ್ಬಿ ಒರೆಸುತ್ತಿದ್ದಾರಾ, ಒಂದು ಪ್ರಾಣಿ ಎತ್ತಿ ಇನ್ನೊಂದು ಎತ್ತುವ ನಡುವೆ ಮಾರುವವರೇ ಕೈ ಸ್ವಚ್ಛ ಮಾಡಿಕೊಳ್ಳುತ್ತಾರಾ. ಹಾವು ಬಾಯಿ ತೆರೆದು ತಲೆ ಮೇಲೆತ್ತಿ ಉಸಿರಾಡುತ್ತಿದ್ದರೆ, ಮೂಗಿನಲ್ಲಿ ಗುಳ್ಳೆ ಬರುತ್ತಿದ್ದರೆ, ಆ ಮೇಜಿನಲ್ಲಿ ಯಾವುದನ್ನೂ ಮುಟ್ಟುವುದಿಲ್ಲ. ಬಾಲ್ ಪೈಥಾನ್‌ಗಳಲ್ಲಿ ನೈಡೋವೈರಸ್ ಅಂತ ಒಂದಿದೆ, 2014ರಲ್ಲಿ ಗುರುತಿಸಿದ್ದು. ಶ್ವಾಸಕೋಶಕ್ಕೆ ಬರುತ್ತದೆ, ನೇರವಾದ ಔಷಧಿ ಇಲ್ಲ. ಬೋವಾ ಹಾವು ಸಾಕುವವರಿಗೆ ಐಬಿಡಿ (ಇನ್‌ಕ್ಲೂಷನ್ ಬಾಡಿ ಡಿಸೀಸ್ ಎಂಬ ವೈರಸ್ ರೋಗ) ಅಂದರೆ ಸಾಕು, ನಾನು ವಿವರಿಸಬೇಕಿಲ್ಲ.

ಸ್ಯಾನಿಟೈಸರ್ ಬೇಡ ಅಂತ ನಾನು ಹೇಳುತ್ತಿಲ್ಲ, ಹಾಕಿ. ಆದರೆ ಒಣಗಿದ ಮೇಲೆ ಪ್ರಾಣಿ ಮುಟ್ಟಿ, ಒದ್ದೆ ಕೈಯಲ್ಲಿ ಅಲ್ಲ. ಮತ್ತೆ ಅದರ ಮಿತಿ ಗೊತ್ತಿರಲಿ. ಮೈಟ್‌ಗೆ ಅದು ಲೆಕ್ಕಕ್ಕಿಲ್ಲ. ಕ್ರಿಪ್ಟೊ ಅನ್ನುವ ಕರುಳಿನ ಪರಾವಲಂಬಿಗೂ ಅಷ್ಟೇ. ಲೆಪರ್ಡ್ ಗೆಕ್ಕೊ ಹಲ್ಲಿ ಸಾಕುವವರೆಲ್ಲ ಅದರಿಂದ ಕಡ್ಡಿಯಂತಾದ ಬಾಲ ನೋಡಿಯೇ ಇರುತ್ತೀರಿ. ಆ ಕ್ರಿಪ್ಟೊ ಬ್ಲೀಚ್‌ಗೂ ಬಗ್ಗುವುದಿಲ್ಲ. ಒಣಗಿಸುವುದು, ಬಿಸಿ, ಅಮೋನಿಯಾ ಇಂಥವೇ ಗತಿ. ಹಾಗಂತ ಬ್ಲೀಚ್ ಮತ್ತು ಅಮೋನಿಯಾ ಎರಡನ್ನೂ ಬೆರೆಸಿ ಕೂರಬೇಡಿ, ಆ ಗಾಳಿ ಕುಡಿದರೆ ಮೊದಲು ಹೋಗುವುದು ನೀವೇ. ಟಬ್ ಒರೆಸಲು ನಾನು ಎಫ್10 ಎಂಬ ಸೋಂಕುನಿವಾರಕ ಬಳಸುತ್ತೇನೆ, ದುಬಾರಿ ಅನ್ನಿಸಿದರೂ ಸ್ವಲ್ಪವೇ ಸಾಕಾಗುತ್ತದೆ. ಕ್ರಿಪ್ಟೊ ಮುಂದೆ ಅದೂ ಸೋಲುತ್ತದೆ. ಡೆಟಾಲ್ ಥರದ ಫೀನಾಲ್ ಜಾತಿಯ ದ್ರಾವಣ ಸರೀಸೃಪಗಳ ಹತ್ತಿರ ಬೇಡ. ಈ ಗುಂಪಿನಲ್ಲಿ ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

ಮಕ್ಕಳ ಜೊತೆ ಹೋಗುವವರಿಗೆ ಸ್ವಲ್ಪ ಗದರಿಯೇ ಹೇಳುತ್ತೇನೆ. ನಿಮ್ಮ ಎರಡನೇ ಫೋಟೊದಲ್ಲಿ ಪುಟ್ಟ ಹುಡುಗಿ ಒಂದು ಕೈಯಲ್ಲಿ ಆಮೆ ಮರಿ, ಇನ್ನೊಂದು ಕೈಯಲ್ಲಿ ಬಿಸ್ಕತ್ತು ಹಿಡಿದಿದ್ದಾಳೆ. ಸರೀಸೃಪಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಮಾಮೂಲು. ಪ್ರಾಣಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ಬಸುರಿಯರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಇವರಿಗೆ ಅದು ಬರೀ ಹೊಟ್ಟೆನೋವಲ್ಲ, ಆಸ್ಪತ್ರೆ. ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವಂತಿಲ್ಲ, ಕಾರಣ ಇದೇ. ಪುಟ್ಟ ಆಮೆಯನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಆದ್ದರಿಂದ ಸೋಪು, ನೀರು, ಇಪ್ಪತ್ತು ಸೆಕೆಂಡ್, ಆಮೇಲೆ ತಿಂಡಿ. ಪ್ರಾಣಿಗೆ ಮುತ್ತು ಕೊಡುವ ಫೋಟೊ ಬೇಡ, ಲೈಕ್ ಕಡಿಮೆಯಾದರೂ ಪರವಾಗಿಲ್ಲ. ಹಾಗೆಯೇ ನೀರಿನ ಬಟ್ಟಲನ್ನು ಅಡುಗೆಮನೆ ಸಿಂಕ್‌ನಲ್ಲಿ ತೊಳೆಯಬೇಡಿ.

ಎತ್ತಲೇಬೇಕು ಅನ್ನಿಸಿದರೆ ಕೊನೆಯ ಸುತ್ತಿನಲ್ಲಿ, ಒಂದೇ ಮೇಜಿನಲ್ಲಿ, ಒಂದೇ ಪ್ರಾಣಿ. ಕೇಳಿ ಎತ್ತಿ. ಮೇಲಿಂದ ತಲೆಗೆ ಕೈ ಹಾಕಬೇಡಿ, ಹದ್ದು ಬಂದ ಹಾಗೆ ಅನ್ನಿಸುತ್ತದೆ ಅವಕ್ಕೆ. ಪಕ್ಕದಿಂದ, ಮೈಯ ನಡುಭಾಗಕ್ಕೆ ಆಧಾರ ಕೊಟ್ಟು. ಕುತ್ತಿಗೆಗೆ ಹಾರದ ಹಾಗೆ ಸುತ್ತಿಕೊಳ್ಳುವುದು ಬೇಡ, ಅದು ಎಷ್ಟೇ ಸಾಧು ಅಂತ ಮಾರುವವರು ಹೇಳಿದರೂ. ಬಿಯರ್ಡೆಡ್ ಡ್ರ್ಯಾಗನ್ ಹಲ್ಲಿಯ ಗಡ್ಡ ಕಪ್ಪಾದರೆ ವಾಪಸ್ ಕೊಡಿ. ಗೆಕ್ಕೊ ಬಾಲ ಮುಟ್ಟಲೇಬೇಡಿ. ಲೆಪರ್ಡ್‌ಗೆ ಬಾಲ ಮತ್ತೆ ಬರುತ್ತದೆ, ಕ್ರೆಸ್ಟೆಡ್‌ಗೆ ಬರುವುದಿಲ್ಲ. ಇಗ್ವಾನಾದ ಹಲ್ಲುಗಳಿಗೆ ಹೆದರುವವರು ಅದರ ಬಾಲದ ಏಟು ತಿಂದಿಲ್ಲ ಅಂತ ಅರ್ಥ. ಹಾವು ಕಚ್ಚಿ ಹಿಡಿದುಕೊಂಡರೆ ಎಳೆಯಬೇಡಿ. ಹಲ್ಲು ಒಳಮುಖವಾಗಿ ಬಾಗಿರುತ್ತವೆ, ಎಳೆದರೆ ನಿಮ್ಮ ಚರ್ಮ ಹರಿಯುತ್ತದೆ, ಅದರ ಹಲ್ಲು ಮುರಿಯುತ್ತದೆ. ತಣ್ಣೀರು ಬಿಟ್ಟರೆ ಸಾಮಾನ್ಯವಾಗಿ ಬಿಡುತ್ತದೆ. ಸುತ್ತಿಕೊಂಡಿದ್ದರೆ ಬಾಲದ ಕಡೆಯಿಂದ ಬಿಚ್ಚಿ. ಇದೆಲ್ಲ ವಿಷವಿಲ್ಲದ ಹಾವಿನ ಮಾತು.

ವಿಷದ ಪ್ರಾಣಿಗಳ ಮೇಜಿನಲ್ಲಿ ಗಾಜು ತಟ್ಟುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮುಚ್ಚಳಕ್ಕೆ ಬೀಗ ಇಲ್ಲ, ಹೆಸರಿನ ಚೀಟಿ ಇಲ್ಲ ಅಂದರೆ ಆ ಮೇಜಿನಿಂದ ಎರಡು ಹೆಜ್ಜೆ ಹಿಂದೆ ಸರಿದು ಆಯೋಜಕರಿಗೆ ಹೇಳಿ. "ಇದು ಹಿಂದಿನ ಹಲ್ಲಿನದು, ಏನೂ ಆಗಲ್ಲ" ಅನ್ನುವ ಮಾತು, ಅಂದರೆ ವಿಷದ ಹಲ್ಲು ಬಾಯಿಯ ಹಿಂಭಾಗದಲ್ಲಿದೆ ಅನ್ನುವ ಸಮಾಧಾನ, ಪೂರ್ತಿ ನಂಬಬೇಡಿ. ಕಾರ್ಲ್ ಪಿ. ಶ್ಮಿಟ್ ಅಂತ ಷಿಕಾಗೋದ ಫೀಲ್ಡ್ ಮ್ಯೂಸಿಯಂನ ದೊಡ್ಡ ಸರೀಸೃಪ ತಜ್ಞರು. 1957ರಲ್ಲಿ ಒಂದು ಚಿಕ್ಕ ಬೂಮ್‌ಸ್ಲಾಂಗ್, ಅದೂ ಹಿಂದಿನ ಹಲ್ಲಿನ ಹಾವೇ, ಅವರ ಹೆಬ್ಬೆರಳಿಗೆ ಕಚ್ಚಿತು. ಅಂಥಾ ಪುಟ್ಟ ಹಾವಿನಿಂದ ಏನಾಗುತ್ತದೆ ಅಂತ ಲಕ್ಷಣಗಳನ್ನು ಬರೆದುಕೊಳ್ಳುತ್ತಾ ಕೂತರು. ಮಾರನೇ ದಿನ ತೀರಿಕೊಂಡರು. 1975ರಲ್ಲಿ ಜರ್ಮನಿಯ ಸರೀಸೃಪ ತಜ್ಞ ರಾಬರ್ಟ್ ಮೆರ್ಟೆನ್ಸ್ ಹೋಗಿದ್ದೂ ಹಿಂದಿನ ಹಲ್ಲಿನ ಟ್ವಿಗ್ ಸ್ನೇಕ್ ಕಚ್ಚಿಯೇ. ಹಾವುಗಳಲ್ಲೇ ಜೀವನ ಕಳೆದವರ ಗತಿ ಇದು. ಹಾಗ್‌ನೋಸ್ ಹಾವು ಬೇರೆ ವಿಷಯ, ಅದರ ವಿಷ ಅಷ್ಟು ಜೋರಿಲ್ಲ, ಆದರೂ ಜಗಿಯಲು ಬಿಟ್ಟರೆ ಕೈ ಊದುತ್ತದೆ.

ಟರಾಂಟುಲಾ ಮೇಜಿನಲ್ಲಿ ಕಣ್ಣು ಡಬ್ಬಿಯ ಹತ್ತಿರ ಒಯ್ಯಬೇಡಿ. ಅಮೆರಿಕ ಖಂಡಗಳ ಬಹಳಷ್ಟು ಜಾತಿಗಳು ಹೊಟ್ಟೆಯ ಮೇಲಿನ ರೋಮ ಒದ್ದು ಹಾರಿಸುತ್ತವೆ, ಕಣ್ಣಿಗೆ ಬಿದ್ದರೆ ಡಾಕ್ಟರೇ ಬೇಕು. ಕಪ್ಪೆಗಳನ್ನಂತೂ ಬರಿಗೈಯಲ್ಲಿ ಹಿಡಿಯುವುದೇ ಬೇಡ. ಅವುಗಳಿಂದ ನಮಗೆ ಅಂತಲ್ಲ, ನಮ್ಮ ಕೈಯ ಕ್ರೀಮು, ಸ್ಯಾನಿಟೈಸರ್ ಎಲ್ಲವನ್ನೂ ಅವು ಚರ್ಮದಿಂದಲೇ ಕುಡಿಯುತ್ತವೆ.

ಕೊಳ್ಳುವ ಬಗ್ಗೆ ಜಾಸ್ತಿ ಹೇಳಲ್ಲ. ಮೊದಲ ಸುತ್ತಿನಲ್ಲೇ ಕೊಳ್ಳಬೇಡಿ. ಸಾಕಿ ಬೆಳೆಸಿದ್ದಾ, ಕಾಡಿನಿಂದ ಹಿಡಿದಿದ್ದಾ ಕೇಳಿ. ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ಪ್ರಾಣಿಯಾದರೆ ಕಾಗದ ಕೇಳಿ, ಬಾಲ್ ಪೈಥಾನ್ ಕೂಡ ಎರಡನೇ ಅನುಬಂಧದಲ್ಲಿದೆ. ಕೊನೇ ತುತ್ತು ಯಾವಾಗ, ಏನು ತಿಂತು ಬರೆಸಿಕೊಳ್ಳಿ. ಬಾಲ್ ಪೈಥಾನ್‌ನ ಸ್ಪೈಡರ್ ಮಾರ್ಫ್ (ಒಂದು ಬಣ್ಣದ ತಳಿ) ಚಂದ ಅಂತ ಮರುಳಾಗಬೇಡಿ, ಆ ತಲೆ ತೂಗಾಟ ಬಣ್ಣದ ಜೊತೆಗೇ ಬರುವ ಜೀನ್. ಪ್ರಯಾಣದಲ್ಲಿ ಡಬ್ಬಿಯನ್ನು ಬಟ್ಟೆ ಚೀಲದೊಳಗೆ, ಚೀಲವನ್ನು ಥರ್ಮಕೋಲ್ ಪೆಟ್ಟಿಗೆಯೊಳಗೆ ಇಡಿ. ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಹಾವು ಬೇಯಿಸಿದವರು ಇದ್ದಾರೆ.

ಮನೆ ಬಾಗಿಲಲ್ಲೇ ಅಂಗಿ ಪ್ಯಾಂಟು ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ, ಗಂಟು ಕಟ್ಟಿ. ಬಿಸಿ ನೀರಲ್ಲಿ ಒಗೆದು ಬಿಸಿಯಲ್ಲೇ ಒಣಗಿಸಿ. ಬೂಟು ಹೊರಗೆ. ನೀವು ತಲೆಸ್ನಾನ. ಹೊಸ ಪ್ರಾಣಿ ಬೇರೆ ಕೋಣೆಗೆ, ಹಾವು ಎತ್ತುವ ಹುಕ್ ಬೇರೆ, ಬೇರೆ ಬಟ್ಟಲು, ಕೆಳಗೆ ಬರೀ ಟಿಶ್ಯೂ ಪೇಪರ್, ಕನಿಷ್ಠ ತೊಂಬತ್ತು ದಿನ. ಕೆಲಸ ಯಾವಾಗಲೂ ಹಳೆಯದರಿಂದ ಹೊಸದಕ್ಕೆ, ತಿರುಗಿ ಅಲ್ಲ. ಬೇರೆ ಕೋಣೆ ಇಲ್ಲ ಅಂದರೆ ಎಕ್ಸ್‌ಪೋದಲ್ಲಿ ಕೊಳ್ಳಬೇಡಿ, ಅಷ್ಟೇ.

ನಿಮಗೆ ಇವತ್ತಿನ ಕೆಲಸ: ಹೊಸದನ್ನು ಕೋಣೆಯಿಂದ ಹೊರಗೆ ತನ್ನಿ. ಮೂರೂ ಟಬ್‌ಗಳ ಸಬ್‌ಸ್ಟ್ರೇಟ್ (ತಳಕ್ಕೆ ಹಾಸಿದ್ದು) ಚೀಲಕ್ಕೆ ಕಟ್ಟಿ ಮನೆಯಿಂದಲೇ ಆಚೆ. ಮರದ ಹೈಡ್ ಎಸೆಯಿರಿ, ಮರುಕ ಬೇಡ. ಪ್ಲಾಸ್ಟಿಕ್‌ನದು ಕುದಿಯುವ ನೀರಿಗೆ. ಹಾವುಗಳನ್ನು ಉಗುರುಬೆಚ್ಚಗಿನ ನೀರಲ್ಲಿ, ತಲೆ ಮೇಲಿರುವಷ್ಟೇ ಆಳದಲ್ಲಿ, ಅರ್ಧ ಗಂಟೆ ಬಿಡಿ, ಪಕ್ಕದಲ್ಲೇ ಕೂತಿರಿ. ಆಮೇಲೆ ಟಿಶ್ಯೂ ಮೇಲೆ ಇಟ್ಟು ದಿನಾ ಬದಲಾಯಿಸಿ, ಚುಕ್ಕಿ ಎಣಿಸಿ. ಹಳೆಯ ಎರಡರಲ್ಲಿ ಈಗ ಏನೂ ಕಾಣದಿದ್ದರೂ ಇದೆ ಅಂತಲೇ ನಡೆದುಕೊಳ್ಳಿ. ಟಿಶ್ಯೂದ ಫೋಟೊ ಹತ್ತಿರದಿಂದ ತೆಗೆದು ಇಲ್ಲೇ ಹಾಕಿ, ಫ್ಲ್ಯಾಶ್ ಬೇಡ. ನಾಳೆ ಬೆಳಿಗ್ಗೆ ನೋಡುತ್ತೇನೆ.