ಭೂಗೋಳದಲ್ಲಿ ಬಿಎಸ್‌ಸಿ: ದಾವಣಗೆರೆಯಿಂದ ಸರ್ರೆಗೆ ಬಂದ ತಾಯಿಯೊಬ್ಬರಿಗೆ ಉತ್ತರ

ಸಹೋದರಿಯವರಿಗೆ ನಮಸ್ಕಾರ.

ನೀವು ದಾವಣಗೆರೆ ಬಿಟ್ಟು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ರೆಗೆ ಬಂದು ಎರಡು ತಿಂಗಳಾಗಿದೆ, ಮನೆಯವರೆಲ್ಲರಿಗೂ ಪಿಆರ್ (ಕಾಯಂ ವಾಸದ ಪರವಾನಗಿ) ಇದೆ, ಪ್ರಥಮ ಪಿಯುಸಿಯಲ್ಲಿ ಪಿಸಿಎಂಬಿ ಓದಿ ಮುಗಿಸಿದ ಮಗಳು ಸೆಪ್ಟೆಂಬರ್‌ನಲ್ಲಿ ಇಲ್ಲಿನ ಹನ್ನೆರಡನೇ ತರಗತಿಗೆ ಸೇರಲಿದ್ದಾಳೆ ಎಂದು ಬರೆದಿದ್ದೀರಿ. ಅವಳಿಗೆ ಭೂಗೋಳದಲ್ಲಿ ಪದವಿ ಓದುವ ಆಸೆಯಿದೆ, ಊರಿನ ಬಂಧುಗಳು ಮಾತ್ರ ಫೋನಿನಲ್ಲಿ "ಸೈನ್ಸ್ ಓದಿದ ಹುಡುಗಿ ಆರ್ಟ್ಸ್‌ಗೆ ಹೋಗುವುದೇ?" ಎಂದು ಕೇಳಿ ನಿಮ್ಮ ನಿದ್ದೆ ಕೆಡಿಸಿದ್ದಾರೆ. ಭೂಗೋಳದಲ್ಲಿ ಬಿಎಸ್‌ಸಿ ಎಂಬುದು ನಿಜಕ್ಕೂ ಇದೆಯೇ, ಇದ್ದರೆ ಅದಕ್ಕೆ ಏನೇನು ಓದಿರಬೇಕು, ಓದಿದ ಮೇಲೆ ಕೆಲಸ ಸಿಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಮೈಸೂರಿನಲ್ಲಿ ಭೂಗೋಳದಲ್ಲಿ ಸ್ನಾತಕೋತ್ತರ ಪದವಿ ಪಡೆದು 1998ರಲ್ಲಿ ಇಲ್ಲಿಗೆ ಬಂದವನು, ಒಂದು ನಗರಾಡಳಿತದ ನಕ್ಷೆ ವಿಭಾಗದಲ್ಲಿ ಕೆಲಸ ಮಾಡುತ್ತಿರುವವನು. ನನ್ನ ಮಗಳೂ ಇದೇ ಪದವಿಯನ್ನು ಇಲ್ಲಿಯೇ ಓದಿ ಮುಗಿಸಿದ್ದಾಳೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ನಿಮ್ಮ ಬಂಧುಗಳ ಮಾತು ನಮ್ಮ ಊರಿನ ಮಟ್ಟಿಗೆ ತೀರ ಸುಳ್ಳಲ್ಲ. ನಮ್ಮ ಪಿಯುಸಿಯಲ್ಲಿ ಭೂಗೋಳವು ಇತಿಹಾಸ, ಅರ್ಥಶಾಸ್ತ್ರಗಳ ಜೊತೆಗೆ ಕಲಾ ವಿಭಾಗದ ಬೆಂಚಿನಲ್ಲಿ ಕುಳಿತುಕೊಳ್ಳುವ ವಿಷಯ. ಇಲ್ಲಿ ಒಂದೇ ಭೂಗೋಳ ವಿಭಾಗಕ್ಕೆ ಎರಡು ಬಾಗಿಲುಗಳಿವೆ. ನಗರ, ವಲಸೆ, ರಾಜಕೀಯ, ಸಂಸ್ಕೃತಿಗಳನ್ನು ಅಧ್ಯಯನ ಮಾಡುವವರು ಬಿಎ ಬಾಗಿಲಿನಿಂದ ಒಳಹೋಗುತ್ತಾರೆ. ನದಿ, ಹಿಮ, ಮಣ್ಣು, ಹವಾಮಾನ, ಭೂಕುಸಿತಗಳನ್ನು ಅಳೆದು ಲೆಕ್ಕ ಹಾಕಬೇಕೆನ್ನುವವರು ಬಿಎಸ್‌ಸಿ ಬಾಗಿಲಿನಿಂದ. ಯುಬಿಸಿ ಎಂದು ಎಲ್ಲರೂ ಕರೆಯುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಭೂಗೋಳ ವಿಭಾಗವು ಕಲಾ ನಿಕಾಯಕ್ಕೆ (ಫ್ಯಾಕಲ್ಟಿಗೆ) ಸೇರಿದ್ದರೂ ಅದರ ಬಿಎಸ್‌ಸಿ ಪದವಿಯನ್ನು ಕೊಡುವುದು ವಿಜ್ಞಾನ ನಿಕಾಯ. ಬರ್ನಬಿಯ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಭೂಗೋಳವು ಪರಿಸರ ನಿಕಾಯದಲ್ಲಿದೆ, ಅಲ್ಲಿನ ಬಿಎಸ್‌ಸಿಯನ್ನು ಭೌತಿಕ ಭೂಗೋಳ ಎಂದು ಕರೆಯುತ್ತಾರೆ. ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ವಿಭಾಗವು ಸಮಾಜವಿಜ್ಞಾನ ನಿಕಾಯದೊಳಗಿದ್ದುಕೊಂಡೇ ಬಿಎ, ಬಿಎಸ್‌ಸಿ ಎರಡನ್ನೂ ಕೊಡುತ್ತದೆ. ವಿಭಾಗ ಯಾವ ನಿಕಾಯದಲ್ಲಿದೆ ಎಂಬುದನ್ನು ನೋಡಿ ಪದವಿಯ ಗುಣವನ್ನು ಅಳೆಯಬೇಡಿ. ವ್ಯತ್ಯಾಸವೇನಿದ್ದರೂ ಗಣಿತ ಮತ್ತು ಪ್ರಯೋಗಾಲಯದ ವಿಜ್ಞಾನಗಳು ಎಷ್ಟು ಬೇಕೆನ್ನುವುದರಲ್ಲಿದೆ. ನಾನು ಈ ಉತ್ತರದಲ್ಲಿ ಮತ್ತೆ ಮತ್ತೆ ಗಣಿತಕ್ಕೇ ಮರಳಿದರೆ ಬೇಸರಿಸಬೇಡಿ, ಏಕೆಂದರೆ ಈ ಪದವಿಯಲ್ಲಿ ನಮ್ಮ ಮಕ್ಕಳು ಎಡವುವುದು ಭೂಗೋಳದಲ್ಲಿ ಅಲ್ಲ, ಗಣಿತದ ಕೋರ್ಸನ್ನು ಯಾವ ಹೊತ್ತಿಗೆ ಮುಗಿಸಬೇಕಿತ್ತೋ ಆ ಹೊತ್ತಿಗೆ ಮುಗಿಸದಿರುವುದರಲ್ಲಿ.

ಮೊದಲು ಹನ್ನೆರಡನೇ ತರಗತಿಯ ವಿಷಯ. ಇಲ್ಲಿ ಕಾಂಬಿನೇಷನ್ ಎಂಬ ಪದ್ಧತಿಯಿಲ್ಲ. ಒಂದೊಂದು ವಿಷಯವನ್ನೂ ಬಿಡಿಬಿಡಿಯಾಗಿ ಆರಿಸಿಕೊಳ್ಳಬೇಕು, ಶಾಲಾ ಶಿಕ್ಷಣ ಮುಗಿಸಲು ಹತ್ತರಿಂದ ಹನ್ನೆರಡರವರೆಗಿನ ತರಗತಿಗಳಲ್ಲಿ ಒಟ್ಟು 80 ಕ್ರೆಡಿಟ್‌ಗಳು (ಒಂದೊಂದು ಕೋರ್ಸು ಮುಗಿಸಿದಾಗ ಲೆಕ್ಕಕ್ಕೆ ಸೇರುವ ಘಟಕಗಳು) ಬೇಕು. ಈ ಸ್ವಾತಂತ್ರ್ಯವೇ ಹೊಸಬರಿಗೆ ತೊಡಕಾಗುತ್ತದೆ, ಏಕೆಂದರೆ ಶಾಲೆ ಮುಗಿಸಲು ಸಾಕಾಗುವ ವಿಷಯಗಳು ವಿಜ್ಞಾನ ಪದವಿಗೆ ಸೇರಲು ಸಾಕಾಗದೆ ಹೋಗಬಹುದು. ನಿಮ್ಮ ಮಗಳು ಇಂಗ್ಲಿಷ್ ಸ್ಟಡೀಸ್ 12 ಮತ್ತು ಪ್ರೀ-ಕ್ಯಾಲ್ಕುಲಸ್ 12 ಇವೆರಡನ್ನು ತೆಗೆದುಕೊಳ್ಳಲೇಬೇಕು, ಜೊತೆಗೆ ಭೌತಶಾಸ್ತ್ರ 12 ಮತ್ತು ರಸಾಯನಶಾಸ್ತ್ರ 12 ಇದ್ದರೆ ಮುಂದಿನ ದಾರಿ ಹಗುರವಾಗುತ್ತದೆ. ಭೌತಶಾಸ್ತ್ರ 12 ಓದದೆ ಯುಬಿಸಿಗೆ ಬಂದವರಿಗೆ ಅದೇ ಮಟ್ಟದ ಒಂದು ಕೋರ್ಸನ್ನು ಮೊದಲ ವರ್ಷದಲ್ಲಿ ಹೆಚ್ಚುವರಿಯಾಗಿ ಓದಿಸುತ್ತಾರೆ. ಅದಕ್ಕೆ ಬೇರೆ ಶುಲ್ಕ ತೆರಬೇಕು, ವೇಳಾಪಟ್ಟಿಯಲ್ಲೂ ಒಂದು ಜಾಗ ಹೋಗುತ್ತದೆ. ಭೂಗೋಳದ ಕೋರ್ಸು ಶಾಲೆಯಲ್ಲಿ ಸಿಕ್ಕರೆ ಸಂತೋಷದಿಂದ ಓದಲಿ, ಸಿಗದಿದ್ದರೆ ಚಿಂತೆಯಿಲ್ಲ. ಬಿಎಸ್‌ಸಿ ಪ್ರವೇಶಕ್ಕೆ ಅದನ್ನು ಕೇಳುವುದಿಲ್ಲ.

ಪ್ರೀ-ಕ್ಯಾಲ್ಕುಲಸ್ 12ರಲ್ಲಿ, ಹೆಸರೇ ಹೇಳುವಂತೆ, ಕ್ಯಾಲ್ಕುಲಸ್ ಇರುವುದಿಲ್ಲ. ಕ್ಯಾಲ್ಕುಲಸ್ 12 ಎಂಬುದು ಪ್ರತ್ಯೇಕವಾದ ಐಚ್ಛಿಕ ವಿಷಯ. ನಮ್ಮ ಪ್ರಥಮ ಪಿಯುಸಿಯಲ್ಲೇ ಲಿಮಿಟ್ಸ್ ಮತ್ತು ಡೆರಿವೇಟಿವ್ಸ್‌ನ ಪರಿಚಯ ಆಗಿರುವುದರಿಂದ ನಿಮ್ಮ ಮಗಳು ಈ ಒಂದು ವಿಷಯದಲ್ಲಿ ಇಲ್ಲಿನ ಸಹಪಾಠಿಗಳಿಗಿಂತ ಒಂದು ಹೆಜ್ಜೆ ಮುಂದಿದ್ದಾಳೆ. ಅದನ್ನು ಮರೆಯುವ ಮೊದಲು, ಶಾಲೆ ಒಪ್ಪಿದರೆ, ಕ್ಯಾಲ್ಕುಲಸ್ 12 ಕೂಡ ತೆಗೆದುಕೊಳ್ಳಲಿ.

ಇನ್ನು ಪದವಿಯ ಲೆಕ್ಕ. ನಾಲ್ಕು ವರ್ಷಕ್ಕೆ 120 ಕ್ರೆಡಿಟ್. ಸಾಮಾನ್ಯವಾಗಿ ಒಂದು ಕೋರ್ಸಿಗೆ 3 ಕ್ರೆಡಿಟ್ ಎಂದರೆ ಒಟ್ಟು ಸುಮಾರು 40 ಕೋರ್ಸುಗಳು, ಪ್ರತಿ ಅವಧಿಗೆ ಐದು. ಯುಬಿಸಿಯಲ್ಲಿ ಈ 120ರಲ್ಲಿ ಕನಿಷ್ಠ 72 ವಿಜ್ಞಾನದವು, 12 ಕಲಾ ವಿಷಯದವು, ಮತ್ತು 48 ಕ್ರೆಡಿಟ್‌ಗಳು ಮೂರನೇ ಹಾಗೂ ನಾಲ್ಕನೇ ವರ್ಷದ ಮಟ್ಟದವು ಆಗಿರಬೇಕು. ಅಲ್ಲಿ ಮೊದಲ ವರ್ಷ ಭೂಗೋಳಕ್ಕೆಂದೇ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಎಲ್ಲರೂ ವಿಜ್ಞಾನ ನಿಕಾಯಕ್ಕೆ ಸೇರಿ, ಮೊದಲ ವರ್ಷದ ಕೊನೆಗೆ ತಮಗೆ ಬೇಕಾದ ವಿಶೇಷ ವಿಷಯಕ್ಕೆ ಅರ್ಜಿ ಹಾಕುತ್ತಾರೆ. ಸೈಮನ್ ಫ್ರೇಸರ್‌ನಲ್ಲಿ ಇವೆಲ್ಲದರ ಜೊತೆಗೆ ಬರವಣಿಗೆಗೆ ಒತ್ತು ಕೊಡುವ 6, ಸಂಖ್ಯಾತ್ಮಕ ವಿಶ್ಲೇಷಣೆಯ 6, ಬೇರೆ ಬೇರೆ ಜ್ಞಾನಶಾಖೆಗಳ 24 ಕ್ರೆಡಿಟ್‌ಗಳನ್ನು ಪ್ರತಿಯೊಬ್ಬರೂ ಪೂರೈಸಬೇಕು. ವಿದ್ಯಾರ್ಥಿ ಸೇರಿದ ವರ್ಷದ ಕ್ಯಾಲೆಂಡರ್‌ನಲ್ಲಿರುವ ನಿಯಮಗಳೇ ಸಾಮಾನ್ಯವಾಗಿ ಅವರಿಗೆ ಅನ್ವಯಿಸುವುದರಿಂದ, ಸೇರಿದ ದಿನವೇ ಆ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳುವುದು ಒಳ್ಳೆಯದು. (ಇಲ್ಲಿ ಕ್ಯಾಲೆಂಡರ್ ಎಂದರೆ ಗೋಡೆಗೆ ತೂಗುಹಾಕುವುದಲ್ಲ, ವಿಶ್ವವಿದ್ಯಾಲಯದ ನಿಯಮಾವಳಿ, ನಾನೂ ಮೊದಲ ವರ್ಷ ಮೋಸಹೋದವನೇ.)

ಕೋರ್ಸುಗಳ ಕ್ರಮವೇ ಈ ಪದವಿಯ ಜೀವಾಳ. ಮೊದಲ ವರ್ಷ ಸಾಮಾನ್ಯವಾಗಿ ಕ್ಯಾಲ್ಕುಲಸ್‌ನ ಎರಡು ಭಾಗಗಳು, ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಭೂಮಿಯ ವ್ಯವಸ್ಥೆಗಳ ಪರಿಚಯ. ಎರಡನೇ ವರ್ಷ ಭೂರೂಪಶಾಸ್ತ್ರ, ಹವಾಮಾನಶಾಸ್ತ್ರ, ಜೀವಭೂಗೋಳ, ಸಂಖ್ಯಾಶಾಸ್ತ್ರ ಮತ್ತು ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ವಿಶ್ಲೇಷಿಸುವ ವಿದ್ಯೆ). ಅದಾದ ಮೇಲೆ ಜಲವಿಜ್ಞಾನ, ಮಣ್ಣಿನ ಅಧ್ಯಯನ, ದೂರಸಂವೇದನೆ (ಉಪಗ್ರಹ, ವಿಮಾನಗಳ ಚಿತ್ರಗಳಿಂದ ನೆಲವನ್ನು ಓದುವುದು) ಹಾಗೂ ಬಯಲು ಅಧ್ಯಯನ (ಸ್ಥಳಕ್ಕೇ ಹೋಗಿ ಮಾಡುವ ಫೀಲ್ಡ್ ವರ್ಕ್). ಮೇಲಿನ ವರ್ಷಗಳ ಬಹುತೇಕ ಕೋರ್ಸುಗಳಿಗೆ ಕೆಳಗಿನ ವರ್ಷಗಳ ಒಂದೋ ಎರಡೋ ಕೋರ್ಸುಗಳು ಪೂರ್ವಾರ್ಹತೆಯಾಗಿರುತ್ತವೆ, ಎಂದರೆ ಅವನ್ನು ಮೊದಲೇ ಮುಗಿಸಿರಬೇಕು. ನನ್ನ ಮಗಳು ಮೊದಲ ಎರಡು ವರ್ಷಗಳನ್ನು ಒಂದು ಕಾಲೇಜಿನಲ್ಲಿ ಓದಿದಳು. ಅಲ್ಲಿನ ಸಲಹೆಗಾರರೊಬ್ಬರು, ಭೂಗೋಳವೆಂದ ಕೂಡಲೇ ಬಿಎ ಎಂದೇ ಭಾವಿಸಿ, ಕಲಾ ವಿದ್ಯಾರ್ಥಿಗಳಿಗೆಂದು ರೂಪಿಸಿದ ಸುಲಭ ಗಣಿತದ ಕೋರ್ಸನ್ನು ಸೂಚಿಸಿದರು. ಅಂಕ ಚೆನ್ನಾಗಿ ಬಂದದ್ದರಿಂದ ನಾವೂ ಖುಷಿಪಟ್ಟೆವು. ವಿಶ್ವವಿದ್ಯಾಲಯಕ್ಕೆ ಹೋದಾಗ ಆ ಕೋರ್ಸು ಬಿಎಸ್‌ಸಿಗೆ ಲೆಕ್ಕಕ್ಕೆ ಬರುವುದಿಲ್ಲವೆಂದು ತಿಳಿಯಿತು. ಕ್ಯಾಲ್ಕುಲಸ್‌ನ ಮೊದಲ ಭಾಗ ಸೆಪ್ಟೆಂಬರ್‌ನಲ್ಲಿ, ಎರಡನೆಯದು ಜನವರಿಯಲ್ಲಿ. ಅದು ಮುಗಿಯುವ ಹೊತ್ತಿಗೆ ಆ ವರ್ಷದ ಜಲವಿಜ್ಞಾನದ ಕೋರ್ಸು ನಡೆದುಹೋಗಿತ್ತು, ಅದನ್ನೇ ಪೂರ್ವಾರ್ಹತೆಯಾಗಿ ಕೇಳುವ ಬಯಲು ಕೋರ್ಸಿಗೂ ಸೇರಲಾಗಲಿಲ್ಲ. ಒಂದೇ ಒಂದು ಗಣಿತದ ಕೋರ್ಸಿನಿಂದ ನಮ್ಮ ಮನೆಯಲ್ಲಿ ಒಂದು ಇಡೀ ವರ್ಷ ಹೋಯಿತು. ಸಲಹೆಗಾರರನ್ನು ಬೈದು ಪ್ರಯೋಜನವಿಲ್ಲ, ನಾನೇ ಪಟ್ಟಿ ಓದಬೇಕಿತ್ತು.

ಹಾಗೆಂದು ಕಾಲೇಜಿನ ದಾರಿಯನ್ನು ನಾನು ಬೇಡವೆನ್ನುವುದಿಲ್ಲ. ಈ ಪ್ರಾಂತ್ಯದಲ್ಲಿ ಲಂಗಾರಾ, ಡಗ್ಲಸ್ ಮುಂತಾದ ಕಾಲೇಜುಗಳಲ್ಲೋ ನಿಮ್ಮ ಸರ್ರೆಯಲ್ಲೇ ಇರುವ ಕ್ವಾಂಟ್ಲೆನ್‌ನಲ್ಲೋ ಎರಡು ವರ್ಷ ಓದಿ, ಆ 60 ಕ್ರೆಡಿಟ್‌ಗಳನ್ನು ಹೊತ್ತುಕೊಂಡು ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರುವುದು ಬಹಳ ಹಳೆಯ ಪದ್ಧತಿ. ಶುಲ್ಕ ಕಡಿಮೆ, ತರಗತಿಗಳು ಚಿಕ್ಕವು, ಹೊಸ ದೇಶದ ಇಂಗ್ಲಿಷ್‌ಗೆ ಹೊಂದಿಕೊಳ್ಳಲು ಸಮಯವೂ ಸಿಗುತ್ತದೆ. ಯಾವ ಕಾಲೇಜಿನ ಯಾವ ಕೋರ್ಸು ಯಾವ ವಿಶ್ವವಿದ್ಯಾಲಯದಲ್ಲಿ ಏನೆಂದು ಪರಿಗಣಿತವಾಗುತ್ತದೆ ಎಂಬುದನ್ನು ಬಿಸಿ (ಬ್ರಿಟಿಷ್ ಕೊಲಂಬಿಯಾ) ಟ್ರಾನ್ಸ್‌ಫರ್ ಗೈಡ್ ಎಂಬ ಜಾಲತಾಣ ಕೋರ್ಸು ಕೋರ್ಸಾಗಿ ತೋರಿಸುತ್ತದೆ. ಪ್ರತಿ ಬಾರಿ ನೋಂದಣಿಗೆ ಮುನ್ನ ಅದನ್ನು ತೆರೆದು ನೋಡಿದ್ದರೆ ನಮಗೆ ಆ ವರ್ಷ ಉಳಿಯುತ್ತಿತ್ತು.

ಇಷ್ಟೊಂದು ಗಣಿತ, ಭೌತಶಾಸ್ತ್ರ ಏಕೆ ಬೇಕೆಂದು ಮಗಳು ಕೇಳಿದರೆ ಅವಳನ್ನು ಒಂದು ಭಾನುವಾರ ಕಾರಿನಲ್ಲಿ ಪೂರ್ವಕ್ಕೆ ಕರೆದುಕೊಂಡು ಹೋಗಿ. ಸರ್ರೆಯಿಂದ ಸ್ವಲ್ಪ ದೂರದಲ್ಲಿ ಆಬಟ್ಸ್‌ಫರ್ಡ್‌ನ ಸೂಮಸ್ ಬಯಲು ಸಿಗುತ್ತದೆ. ಅದು ಹಿಂದೆ ಒಂದು ದೊಡ್ಡ ಸರೋವರ. 1924ರ ಹೊತ್ತಿಗೆ ನೀರನ್ನು ಬಸಿದು ಹೊಲ ಮಾಡಿದರು. ನಮ್ಮ ಸೂಳೆಕೆರೆಯನ್ನು ಒಣಗಿಸಿ ಉಳುಮೆ ಮಾಡಿದರೆ ಹೇಗಿರುತ್ತದೆಯೋ ಹಾಗೆ. 2021ರ ನವೆಂಬರ್‌ನಲ್ಲಿ ಸುರಿದ ಮಳೆಗೆ ಅದೇ ಜಾಗದಲ್ಲಿ ಮತ್ತೆ ಸರೋವರ ನಿಂತಿತು, ಕೋಕ್ವಿಹಾಲಾ ಹೆದ್ದಾರಿ ಹಲವೆಡೆ ಕೊಚ್ಚಿಹೋಯಿತು. ಇನ್ನೂ ಮುಂದೆ, ಹೋಪ್ ಊರಿನ ಆಚೆಗೆ 1965ರ ಜನವರಿಯಲ್ಲಿ ಬೆಟ್ಟದ ಒಂದು ಮಗ್ಗುಲೇ ಹೆದ್ದಾರಿಯ ಮೇಲೆ ಜಾರಿ ನಾಲ್ವರನ್ನು ಬಲಿತೆಗೆದುಕೊಂಡ ಗುರುತು ಇಂದಿಗೂ ಬೋಳಾಗಿ ಕಾಣಿಸುತ್ತದೆ. ಇಳಿಜಾರು ಯಾವಾಗ ಜಾರುತ್ತದೆ, ಬೆಟ್ಟದ ಹಿಮ ಕರಗಿದರೆ ನದಿಗೆ ದಿನಕ್ಕೆ ಎಷ್ಟು ನೀರು ಬರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವವರಿಗೆ ಬಲದ ಲೆಕ್ಕವೂ ಬೇಕು, ಬದಲಾವಣೆಯ ದರದ ಲೆಕ್ಕವೂ ಬೇಕು.

ಇಡೀ ಪದವಿ ಲೆಕ್ಕದಲ್ಲೇ ಕಳೆಯುತ್ತದೆ ಎಂದೂ ಭಾವಿಸಬೇಡಿ. ಮಣ್ಣಿನ ಕೋರ್ಸು ನಡೆಯುತ್ತಿದ್ದಾಗ ನನ್ನ ಮಗಳು ಹಿತ್ತಲಿನಲ್ಲಿ ಕುಳಿತು, ಒಂದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ, ಮುದ್ದೆ ಕಟ್ಟುವಂತೆ ನಾದಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಒತ್ತಿ ಪಟ್ಟಿಯಂತೆ ಹೊರಕ್ಕೆ ಚಾಚುತ್ತಿದ್ದಳು. ಪಟ್ಟಿ 5 ಸೆಂಟಿಮೀಟರ್‌ಗಿಂತ ಉದ್ದ ಬಂದು ಮುರಿಯದೆ ನಿಂತರೆ ಅದು ಜೇಡಿ, 2.5 ಸೆಂಟಿಮೀಟರ್ ತಲುಪುವ ಮೊದಲೇ ಮುರಿದು ಬಿದ್ದರೆ ಜೇಡಿಯ ಅಂಶ ಕಡಿಮೆ. ನಿಮ್ಮ ಕಡೆಯ ಎರೆಮಣ್ಣನ್ನು ಬೆರಳಿನಲ್ಲಿ ಹಿಡಿದು ಬೆಳೆದ ಹುಡುಗಿಗೆ ಈ ಪರೀಕ್ಷೆಯನ್ನು ಯಾರೂ ಎರಡು ಸಲ ಹೇಳಿಕೊಡಬೇಕಾಗಿಲ್ಲ. ಬಯಲು ಅಧ್ಯಯನಕ್ಕೆ ಹೋಗುವಾಗ ನೆನೆಯದ ಕಾಗದದ ಟಿಪ್ಪಣಿ ಪುಸ್ತಕ, ಸೀಸದ ಕಡ್ಡಿ, ಒಳ್ಳೆಯ ರೇನ್‌ಕೋಟು, ಬೂಟು ಬೇಕು. ಈ ಮಳೆಯಲ್ಲಿ ಶಾಯಿ ಉಳಿಯುವುದಿಲ್ಲ. ಆ ಖರ್ಚನ್ನೂ ಬಯಲು ಕೋರ್ಸಿನ ಹೆಚ್ಚುವರಿ ಶುಲ್ಕವನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಶುಲ್ಕದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪಿಆರ್ ಇರುವುದರಿಂದ ಅವಳಿಗೆ ಇಲ್ಲಿನವರ ಶುಲ್ಕವೇ ಅನ್ವಯಿಸುತ್ತದೆ; ಅದು ವಿದೇಶಿ ವಿದ್ಯಾರ್ಥಿಗಳ ಶುಲ್ಕಕ್ಕಿಂತ ಹಲವು ಪಟ್ಟು ಕಡಿಮೆ, ಮತ್ತು 2005ರಿಂದ ಪ್ರಾಂತ್ಯ ಸರ್ಕಾರವು ಅದರ ವಾರ್ಷಿಕ ಏರಿಕೆಗೆ ಶೇ. 2ರ ಮಿತಿ ಹಾಕಿದೆ. ಪ್ರಾಂತ್ಯ ಸರ್ಕಾರದ ವಿದ್ಯಾರ್ಥಿ ನೆರವು ಯೋಜನೆಯಾದ ಸ್ಟೂಡೆಂಟ್‌ಏಡ್ ಬಿಸಿಯ ಸಾಲ ಮತ್ತು ಅನುದಾನಕ್ಕೆ ಸಾಮಾನ್ಯವಾಗಿ ಈ ಪ್ರಾಂತ್ಯದಲ್ಲಿ 12 ತಿಂಗಳು ನೆಲೆಸಿರಬೇಕು; ಅವಳು ಪದವಿಗೆ ಸೇರುವ ಹೊತ್ತಿಗೆ ನಿಮಗೆ ಅದು ಪೂರ್ಣವಾಗಿರುತ್ತದೆ.

ಕೆಲಸದ ಪ್ರಶ್ನೆಗೆ ನನ್ನ ಉತ್ತರ ಹೌದು, ಆದರೆ ಪದವಿಯ ಹೆಸರೊಂದರಿಂದಲೇ ಅಲ್ಲ. ನಗರಾಡಳಿತಗಳ ನಕ್ಷೆ ವಿಭಾಗಗಳು, ಅರಣ್ಯ ಮತ್ತು ಜಲಸಂಪನ್ಮೂಲದ ಸರ್ಕಾರಿ ಕಚೇರಿಗಳು, ಪರಿಸರ ಸಲಹಾ ಕಂಪನಿಗಳು ಈ ಪದವೀಧರರನ್ನು ತೆಗೆದುಕೊಳ್ಳುತ್ತವೆ. ಓದಿನ ನಡುವೆಯೇ ನಾಲ್ಕು ನಾಲ್ಕು ತಿಂಗಳ ಅವಧಿಗೆ ಸಂಬಳ ಪಡೆದು ದುಡಿಯುವ ಕೋ-ಆಪ್ ವ್ಯವಸ್ಥೆಗೆ ಅವಳು ಸೇರಲೇಬೇಕೆಂದು ನಾನು ಒತ್ತಾಯಿಸುತ್ತೇನೆ. ಪದವಿ ಒಂದು ವರ್ಷ ತಡವಾದರೂ ಚಿಂತೆಯಿಲ್ಲ, ನಮ್ಮ ಕಚೇರಿಗೆ ಬರುವ ಅರ್ಜಿಗಳಲ್ಲಿ ನಾವು ಮೊದಲು ನೋಡುವುದೇ ಅದನ್ನು. ಭೂಕುಸಿತ, ಅಂತರ್ಜಲದಂತಹ ವಿಷಯಗಳಲ್ಲಿ ಸ್ವತಂತ್ರವಾಗಿ ಸಹಿ ಹಾಕುವ ಅಧಿಕಾರ ಬೇಕೆಂದರೆ ಪಿ.ಜಿಯೋ ಎಂಬ ವೃತ್ತಿ ನೋಂದಣಿ ಬೇಕು. ಅದನ್ನು ಕೊಡುವ ಎಂಜಿನಿಯರ್ಸ್ ಅಂಡ್ ಜಿಯೋಸೈಂಟಿಸ್ಟ್ಸ್ ಬಿಸಿ ಸಂಸ್ಥೆಯು ಪದವಿಯ ಶೀರ್ಷಿಕೆಯನ್ನಲ್ಲ, ಓದಿದ ಕೋರ್ಸುಗಳನ್ನು ಪರಿಶೀಲಿಸುತ್ತದೆ: ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ ಖನಿಜ ಮತ್ತು ಶಿಲೆಗಳ ಅಧ್ಯಯನ, ಸಂಚಯನ ಶಿಲಾಸ್ತರಗಳು, ಭೂರಚನಾಶಾಸ್ತ್ರ, ಬಯಲು ತಂತ್ರಗಳು ಇವನ್ನೆಲ್ಲ ಕೇಳುತ್ತದೆ, ಆಮೇಲೆ ಸುಮಾರು ನಾಲ್ಕು ವರ್ಷಗಳ ಅನುಭವ. ಸಾಧಾರಣ ಭೂಗೋಳ ಬಿಎಸ್‌ಸಿಯಲ್ಲಿ ಭೂವಿಜ್ಞಾನದ ಈ ಕೋರ್ಸುಗಳು ಕಡ್ಡಾಯವಾಗಿರುವುದಿಲ್ಲ. ಎರಡನೇ ವರ್ಷದಿಂದಲೇ ಐಚ್ಛಿಕಗಳ ಜಾಗದಲ್ಲಿ ಅವುಗಳನ್ನು ತುಂಬಿಕೊಂಡರೆ ಸರಿ. ಪದವಿ ಮುಗಿದ ಮೇಲೆ ಒಂದೊಂದನ್ನಾಗಿ ಓದುತ್ತಾ ಸಂಜೆಗಳನ್ನು ಕಳೆದ ಇಬ್ಬರು ಸಹೋದ್ಯೋಗಿಗಳು ನನಗಿದ್ದಾರೆ.

ಸದ್ಯಕ್ಕೆ ನೀವು ಮಾಡಬೇಕಾದ ಕೆಲಸ ಚಿಕ್ಕದು. ಶಾಲೆಯ ಕೌನ್ಸೆಲರ್ ಅವರನ್ನು ಕಾಣಲು ಸಮಯ ಕೇಳಿ, ಹೋಗುವಾಗ ಎಸ್ಎಸ್ಎಲ್‌ಸಿ ಮತ್ತು ಪ್ರಥಮ ಪಿಯುಸಿ ಅಂಕಪಟ್ಟಿಗಳ ಮೂಲ ಪ್ರತಿಗಳ ಜೊತೆಗೆ ಪ್ರಥಮ ಪಿಯುಸಿಯ ಗಣಿತ, ಭೌತ, ರಸಾಯನ ಪಠ್ಯಕ್ರಮದ ಇಂಗ್ಲಿಷ್ ಪ್ರತಿಯನ್ನೂ ಒಯ್ಯಿರಿ. ಹನ್ನೊಂದನೇ ತರಗತಿಯ ವಿಷಯಗಳನ್ನು ಅವಳು ಓದಿದ್ದಾಳೆಂದು ಒಪ್ಪಿಸಲು ಅಂಕಪಟ್ಟಿಯೊಂದೇ ಸಾಲದು. ಮಾತಿನ ಆರಂಭದಲ್ಲೇ "ಭೂಗೋಳ, ಆದರೆ ಬಿಎಸ್‌ಸಿ" ಎಂದು ಸ್ಪಷ್ಟವಾಗಿ ಹೇಳಿ. ಯುಬಿಸಿಯ ಅರ್ಜಿ ಜನವರಿ ಮಧ್ಯದೊಳಗೆ ಹೋಗಬೇಕಾದ್ದರಿಂದ ದೀಪಾವಳಿಯ ಹೊತ್ತಿಗೆ ಬರೆಯಲು ಕುಳಿತರೆ ಅವಸರವಾಗುವುದಿಲ್ಲ. ಅಷ್ಟರೊಳಗೆ ಒಂದು ಶನಿವಾರ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬನ್ನಿ. ನನ್ನ ಮಗಳು ತನ್ನ ನಾಲ್ಕು ವರ್ಷಗಳ (ನಿಜವಾಗಿ ಐದು) ಕೋರ್ಸು ಪಟ್ಟಿಯನ್ನು, ತಪ್ಪಿದ ಕಡೆ ಕೆಂಪು ಗೆರೆ ಎಳೆದು, ಇನ್ನೂ ಇಟ್ಟುಕೊಂಡಿದ್ದಾಳೆ.